ಬೇಡವಾದ ಅತಿಥಿ

ನಮ್ಮ ಮಂಡ್ಯ, ಮದ್ದೂರು, ಮಳವಳ್ಳಿಗಳ ಸೀಮೆಯಲ್ಲಿ ಮನೆಗೆ ಬಂದವರನ್ನು ಬರಿಯ ಬಾಯಿಮಾತಿನಿಂದ ಸಾಗಹಾಕುವ ಪದ್ಧತಿಯಿಲ್ಲ. ಕಾಲಿಗೆ ನೀರು, ಕುಡಿಯಲು ಮಜ್ಜಿಗೆ, ಊಟದ ಹೊತ್ತಾದರೆ ಮುದ್ದೆ ಸಾರು. ಗುರುತಿಲ್ಲದವನನ್ನೂ ಜಗಲಿಯ ಮೇಲೆ ಕುಳ್ಳಿರಿಸಿ, ಯಾವೂರು, ಯಾರ ಪೈಕಿ ಎಂದು ವಿಚಾರಿಸಿ, ಮಾತಿನ ಕೊನೆಯಲ್ಲಿ ನಂಟಸ್ತಿಕೆಯನ್ನೇ ಹುಡುಕಿ ತೆಗೆಯುವ ಜನ ನಾವು. ಆದರೆ ಇಂಥ ಊರುಗಳಲ್ಲಿಯೂ ಒಬ್ಬನು ಬಸ್ಸಿನಿಂದಿಳಿದನೆಂದರೆ ಅರಳಿಕಟ್ಟೆಯ ಮಾತು ತಗ್ಗುತ್ತದೆ. ತಾಯಂದಿರು ಮಕ್ಕಳನ್ನು ಒಳಕ್ಕೆ ಕರೆದುಕೊಳ್ಳುತ್ತಾರೆ. ಅವನು ಪರವೂರಿನವನೇನೂ ಅಲ್ಲ. ಅವನ ತಾಯಿ ಇದೇ ಬೀದಿಯಲ್ಲಿರುವಳು. ಪಟ್ಟಣ ಸೇರಿ, ಹೊಡೆದಾಟದಲ್ಲಿ ಹೆಸರು ಮಾಡಿ, ಸೆರೆಮನೆಯನ್ನೂ ಕಂಡು, ಈಗ ಸಾಕಾಯಿತೆಂದು ಹಿಂದಿರುಗಿರುವನು. ಕೆಟ್ಟು ಪಟ್ಟಣ ಸೇರು ಎಂದು ನಮ್ಮ ಹಿರಿಯರು ಗಾದೆ ಮಾಡಿದರು. ಪಟ್ಟಣದಲ್ಲಿ ಕೆಟ್ಟವನು ಎಲ್ಲಿಗೆ ಸೇರಬೇಕೆಂಬುದನ್ನು ಮಾತ್ರ ಹೇಳಲಿಲ್ಲ.

ಈ ಪ್ರಶ್ನೆಯನ್ನೇ ಹಿಡಿದು ಅಮೆರಿಕದವರು ೧೯೫೦ರಲ್ಲಿ ಒಂದು ಚಿತ್ರವನ್ನು ತಯಾರಿಸಿದರು. ಅದರ ಹೆಸರು 'ದಿ ಗನ್‌ಫೈಟರ್'. ಎಂದರೆ ಪಿಸ್ತೂಲಿನ ಕಾಳಗದಲ್ಲಿ ಪಳಗಿದವನು. ನಿರ್ದೇಶಕರು ಹೆನ್ರಿ ಕಿಂಗ್. ಮುಖ್ಯ ಪಾತ್ರಧಾರಿ ಗ್ರೆಗರಿ ಪೆಕ್. ಬಣ್ಣವಿಲ್ಲದ ಚಿತ್ರ, ಒಂದೂವರೆ ಗಂಟೆಯೊಳಗೆ ಮುಗಿಯುತ್ತದೆ. ಹಾಡಿಲ್ಲ, ಕುಣಿತವಿಲ್ಲ, ಗುಂಡಿನ ಸದ್ದೂ ಕಡಮೆ. ನಾಯಕನಿಗೆ ಆ ಕಾಲದ ರೂಢಿಗೆ ತಕ್ಕ ಜೋಲುಮೀಸೆಯನ್ನಿಟ್ಟುದರಿಂದ ಹೆಂಗಸರು ಚಿತ್ರಕ್ಕೆ ಬರಲಿಲ್ಲ, ಆ ಮೀಸೆಯಿಂದಲೇ ತಮಗೆ ನಷ್ಟವಾಯಿತು ಎಂದು ಕಂಪೆನಿಯ ಯಜಮಾನರು ಗೊಣಗಿದರೆಂಬ ಕಥೆ ಪ್ರಸಿದ್ಧವಾಗಿದೆ. ಮೀಸೆಯ ಮಾತು ಹಾಗಿರಲಿ. ಮನೆಮಂದಿಯೆಲ್ಲ ಕೂಡಿ ನೋಡಿ, ನೋಡಿದ ಮೇಲೆ ಊಟದೆಲೆಯ ಮುಂದೆ ಚರ್ಚಿಸತಕ್ಕ ಚಿತ್ರಗಳಲ್ಲಿ ಇದೊಂದು ಎಂಬುದು ನಮ್ಮ ಅಭಿಪ್ರಾಯ.

ಕಥೆಯನ್ನು ತಿಳಿಯುವುದಕ್ಕೆ ಮುಂಚೆ ಅಲ್ಲಿಯ ಒಂದು ನಡವಳಿಕೆಯನ್ನು ತಿಳಿದಿರಬೇಕು. ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಅಮೆರಿಕದ ಪಶ್ಚಿಮದ ಬಯಲುಗಳಲ್ಲಿ ಹೊಸ ಹೊಸ ಊರುಗಳು ಹುಟ್ಟುತ್ತಿದ್ದುವು. ದನದ ಮಂದೆಗಳು ಬಹಳ, ಕೋರ್ಟು ಕಚೇರಿಗಳು ಅಪರೂಪ. ಇಂಥ ಕಥೆಗಳಲ್ಲಿ ಇಬ್ಬರಿಗೆ ಜಗಳವಾದರೆ ಯಾವನು ಮೊದಲು ಸೊಂಟದ ಪಿಸ್ತೂಲನ್ನು ಸೆಳೆದನೋ ಅವನದೇ ತಪ್ಪು. ಎರಡನೆಯವನು ಆತ್ಮರಕ್ಷಣೆಗಾಗಿ ಹೊಡೆದನೆಂದು ಊರು ಒಪ್ಪಿಕೊಳ್ಳುವುದು. ಆದುದರಿಂದ ಎದುರಾಳಿ ಮೊದಲು ಕೈಯಿಕ್ಕುವಂತೆ ಮಾಡಿ, ಅವನಿಗಿಂತ ಬೇಗ ಹೊಡೆಯಬಲ್ಲವನು ಕಾನೂನಿಗೆ ಸಿಕ್ಕದೆ ಕೀರ್ತಿಯನ್ನು ಗಳಿಸುತ್ತಿದ್ದನು.

ಜಿಮ್ಮಿ ರಿಂಗೋ ಅಂಥ ಕೀರ್ತಿವಂತ. ಮೊದಲ ದೃಶ್ಯದಲ್ಲಿಯೇ ಪಡಖಾನೆಯೊಂದರಲ್ಲಿ ಎಡ್ಡಿ ಎಂಬ ಎಳೆಯ ಹುಡುಗ ಅವನನ್ನು ಕೆಣಕುತ್ತಾನೆ. ರಿಂಗೋ ತಪ್ಪಿಸಿಕೊಳ್ಳಲು ನೋಡುತ್ತಾನೆ, ಹುಡುಗ ಬಿಡುವುದಿಲ್ಲ. ಪಿಸ್ತೂಲು ಸೆಳೆಯುತ್ತಾನೆ, ಸಾಯುತ್ತಾನೆ. ಸತ್ತ ಹುಡುಗನ ಮೂವರು ಅಣ್ಣಂದಿರು ಬೆನ್ನುಹತ್ತುತ್ತಾರೆ. ರಿಂಗೋ ಕೇಯೆನ್ ಎಂಬ ಊರನ್ನು ಸೇರುತ್ತಾನೆ. ಎಂಟು ವರ್ಷಗಳಿಂದ ಕಾಣದಿದ್ದ ಹೆಂಡತಿ ಪೆಗ್ಗಿ ಆ ಊರಿನಲ್ಲಿ ಬೇರೊಂದು ಹೆಸರಿನಿಂದ ಶಾಲೆಯ ಉಪಾಧ್ಯಾಯಿನಿಯಾಗಿ ಬಾಳುತ್ತಿರುವಳು. ಅವನ ಮಗನೂ ಅಲ್ಲಿಯೇ ಬೆಳೆಯುತ್ತಿರುವನು. ಅವರನ್ನೊಮ್ಮೆ ಕಾಣಬೇಕು, ದೂರದ ಸೀಮೆಯಲ್ಲಿ ಒಂದಿಷ್ಟು ನೆಲ ಕೊಂಡು ಮೂವರೂ ಹೊಸದಾಗಿ ಬದುಕೋಣವೆಂದು ಕೇಳಬೇಕು. ಅವನ ಬಯಕೆ ಇಷ್ಟೆ. ಚಿತ್ರದ ಬಹುಭಾಗ ಒಂದು ಬೆಳಗಿನ ಕೆಲವು ಗಂಟೆಗಳಲ್ಲಿ, ಆ ಊರಿನ ಪಡಖಾನೆಯೊಳಗೆ ನಡೆಯುತ್ತದೆ. ಗೋಡೆಯ ಗಡಿಯಾರ ಮುಂದುವರಿಯುತ್ತಿದೆ. ಮೂವರು ಅಣ್ಣಂದಿರು ಹತ್ತಿರ ಹತ್ತಿರ ಬರುತ್ತಿದ್ದಾರೆ.

ಈ ಮಧ್ಯೆ ಊರು ಏನು ಮಾಡುತ್ತದೆಂಬುದನ್ನು ಓದುಗರು ಗಮನಿಸಬೇಕು. ಶಾಲೆಯ ಹುಡುಗರು ಪಾಠವನ್ನು ಬಿಟ್ಟು ಬಂದು ಕಿಟಕಿಗೆ ಮೂಗೊತ್ತಿ ನಿಲ್ಲುತ್ತಾರೆ. ದೊಡ್ಡವರು ಬೀದಿಯಲ್ಲಿ ಗುಂಪುಗೂಡಿ, ಅವನು ಎಷ್ಟು ಮಂದಿಯನ್ನು ಕೊಂದಿರುವನೆಂದು ಲೆಕ್ಕ ಹೇಳುತ್ತಾರೆ. ಪಡಖಾನೆಯವನಿಗೆ ವ್ಯಾಪಾರ ಏರುತ್ತದೆ. ಗೌರವಸ್ಥ ಮನೆತನಗಳ ಹೆಂಗಸರು ಕೂಡಿ ಮಾರ್ಷಲನ ಕಚೇರಿಗೆ ಹೋಗಿ, ಈ ಪಾತಕಿಯನ್ನು ಊರಿನಿಂದ ಹೊರಡಿಸಿರೆಂದು ಒತ್ತಾಯ ಮಾಡುತ್ತಾರೆ. ಆ ಹೊತ್ತಿಗೆ ರಿಂಗೋ ಆ ಕಚೇರಿಯಲ್ಲಿಯೇ ಕುಳಿತಿರುವನು. ಅವನಾರೆಂದು ತಿಳಿಯದ ಅವರು ಅವನೊಡನೆಯೇ ಮಾತಾಡುತ್ತಾರೆ, ಅವನ ಮರ್ಯಾದೆಯ ನಡತೆಯನ್ನು ಮೆಚ್ಚಿಕೊಳ್ಳುತ್ತಾರೆ. ಹೆಸರು ತಿಳಿದೊಡನೆ ಸೆರಗು ಸಂವರಿಸಿಕೊಂಡು ಓಡುವವರಂತೆ ಓಡುತ್ತಾರೆ. ನಗು ಬರುವ ದೃಶ್ಯವೇ; ಆದರೆ ನಕ್ಕಮೇಲೆ ಎದೆಗೆ ತಗಲುತ್ತದೆ. ಆ ತಾಯಂದಿರ ಭಯವನ್ನು ಸುಳ್ಳೆನ್ನುವಂತಿಲ್ಲ. ಎದುರುಮನೆಯ ಕಿಟಕಿಯಲ್ಲಿ ಮುದುಕನೊಬ್ಬನು ತನ್ನ ಮಗನನ್ನು ಕೊಂದವನು ರಿಂಗೋವೇ ಎಂದು ನಂಬಿ ಬಂದೂಕು ಹಿಡಿದು ಕಾದಿರುವನು. ಅವನ ನೋವಿಗೂ ಯಾರು ಉತ್ತರ ಹೇಳುವರು?

ಈ ಚಿತ್ರದಲ್ಲಿ ಇನ್ನಿಬ್ಬರು ಇರುವರು. ಅವರನ್ನು ರಿಂಗೋವಿನ ಪಕ್ಕದಲ್ಲಿಟ್ಟು ನೋಡಿದರೆ ಕಥೆಯ ಮರ್ಮ ತಿಳಿಯುವುದು. ಒಬ್ಬನು ಊರಿನ ಶಾಂತಿಪಾಲಕನಾದ ಮಾರ್ಷಲ್ ಮಾರ್ಕ್ ಸ್ಟ್ರೆಟ್. ಇವನೂ ಒಂದು ಕಾಲದಲ್ಲಿ ರಿಂಗೋವಿನ ತಂಡದವನೇ. ಅವನು ಗಲಾಟೆಯಿಲ್ಲದೆ ಆ ಬಾಳನ್ನು ಬಿಟ್ಟುಬಂದನು. ಒಂದು ಊರು ಅವನಿಗೆ ಕೆಲಸ ಕೊಟ್ಟಿತು, ನಂಬಿಕೆ ಕೊಟ್ಟಿತು. ಇಂದು ಅದೇ ಊರಿನ ಹೆಂಗಸರು ರಕ್ಷಣೆಯನ್ನು ಬೇಡಿ ಅವನ ಬಾಗಿಲಿಗೆ ಬರುವರು. ಇಬ್ಬರ ಹಿಂದಿನ ದಾರಿ ಒಂದೇ. ಒಬ್ಬನಿಗೆ ನೆಲೆ ಸಿಕ್ಕಿತು, ಇನ್ನೊಬ್ಬನಿಗೆ ಹೆಸರು ಸಿಕ್ಕಿತು. ಎರಡನೆಯವನು ಹಂಟ್ ಬ್ರಾಮ್ಲಿ, ಆ ಊರಿನದೇ ಪುಂಡ ಹುಡುಗ. ರಿಂಗೋವನ್ನು ಕೊಂದವನೆಂಬ ಬಿರುದಿಗಾಗಿ ಅವನಿಗೆ ಬಾಯಾರಿಕೆ. ಊರಿನ ಕಣ್ಣುಗಳೆಲ್ಲ ಹೊರಗಿನಿಂದ ಬಂದವನ ಮೇಲೆಯೇ ನೆಟ್ಟಿದ್ದುವು. ಒಳಗಿನ ಹುಡುಗನನ್ನು ಯಾರೂ ಗಣನೆಗೆ ತಂದುಕೊಳ್ಳಲಿಲ್ಲ. ರಿಂಗೋ ಹೆಂಡತಿಯನ್ನು ಕಂಡು, ಮಗನೊಡನೆ ತಾನು ತಂದೆಯೆಂದು ಹೇಳಿಕೊಳ್ಳದೆಯೇ ಮಾತಾಡಿ, ಕುದುರೆಯೇರಿ ಹೊರಡುವಾಗ ಬ್ರಾಮ್ಲಿ ಹಿಂದಿನಿಂದ ಗುಂಡು ಹಾರಿಸುತ್ತಾನೆ. ಬೆನ್ನು ಹತ್ತಿಬಂದ ಮೂವರು ಅಣ್ಣಂದಿರಲ್ಲ, ಕಿಟಕಿಯ ಮುದುಕನಲ್ಲ, ಊರಿನ ಹುಡುಗ.

ಸಾಯುತ್ತಿರುವ ರಿಂಗೋ ಆಡುವ ಮಾತು ವಿಚಿತ್ರವಾದುದು. ಮೊದಲು ಪಿಸ್ತೂಲು ಸೆಳೆದವನು ತಾನೇ ಎನ್ನುತ್ತಾನೆ. ಅದು ಸುಳ್ಳು. ಹುಡುಗನ ಕುತ್ತಿಗೆ ನೇಣಿನಿಂದ ಉಳಿಯುತ್ತದೆ. ಇದು ಕ್ಷಮೆಯೆಂದು ಯಾರೂ ತಿಳಿಯಬಾರದು, ಇದು ಶಾಪ. ಇನ್ನು ಮೇಲೆ ರಿಂಗೋವನ್ನು ಕೊಂದವನು ನೀನು. ನಾನು ಉಂಡುದನ್ನು ನೀನೂ ಉಣ್ಣು ಎಂದು ಇದರ ತಾತ್ಪರ್ಯ. ಊರೂರಿನಲ್ಲಿಯೂ ಒಬ್ಬೊಬ್ಬ ಬ್ರಾಮ್ಲಿ ಇನ್ನು ಇವನಿಗಾಗಿ ಕಾಯುವನು. ಹುಲಿಯ ಮೇಲಿನ ಸವಾರಿಯೆಂದರೆ ಇದೇ: ಏರುವಾಗ ಊರೆಲ್ಲ ನೋಡುವುದು, ಇಳಿಯುವುದಕ್ಕೆ ತಾವಿಲ್ಲ.

ಹಾಗಾದರೆ ಇಳಿಯುವುದಕ್ಕೆ ತಾವನ್ನು ಯಾರು ಮಾಡಿಕೊಡಬೇಕು? ಇದಕ್ಕೆ ಉತ್ತರವನ್ನು ಅಮೆರಿಕದಲ್ಲಿಯೇ ಹುಡುಕಬೇಕಾದುದಿಲ್ಲ. ಮದ್ದೂರು ತಾಲ್ಲೂಕಿನ ಆತಕೂರಿನಲ್ಲಿ ಒಂದು ಕಲ್ಲಿತ್ತು. ಈಗ ಅದು ಬೆಂಗಳೂರಿನ ಸರಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಕ್ರಿ.ಶ. ೯೪೯-೫೦ರ ಬರಹ. ತಕ್ಕೋಲದ ಯುದ್ಧದಲ್ಲಿ ರಾಷ್ಟ್ರಕೂಟರ ಮೂರನೆಯ ಕೃಷ್ಣನ ಪಕ್ಷವನ್ನು ವಹಿಸಿದ ಗಂಗರ ಇಮ್ಮಡಿ ಬೂತುಗನು ಚೋಳರ ರಾಜಾದಿತ್ಯನನ್ನು ಕೊಂದುದನ್ನು ಅದು ಹೇಳುತ್ತದೆ. ಅದೇ ಯುದ್ಧದಲ್ಲಿ ಬೂತುಗನ ಆಳಾದ ಮಣಲೆರನು ಶೌರ್ಯವನ್ನು ಮೆರೆದನು. ಒಡೆಯನು ಮೆಚ್ಚಿ, ಬೇಕಾದುದನ್ನು ಬೇಡು ಎಂದಾಗ ಅವನು ಬೇಡಿದುದು ಕಾಳಿ ಎಂಬ ಬೇಟೆನಾಯಿಯನ್ನು. ಆ ನಾಯಿ ಮುಂದೆ ಕಾಡುಹಂದಿಯೊಂದರೊಡನೆ ಹೋರಾಡಿ, ಎರಡೂ ಸತ್ತುವು. ಆತಕೂರಿನ ಚೆಲ್ಲೇಶ್ವರನ ಗುಡಿಯ ಮುಂದೆ ನಾಯಿಗಾಗಿ ಕಲ್ಲು ನಿಂತಿತು. ಅದಕ್ಕೆ ಭೂಮಿಯನ್ನೂ ಬಿಟ್ಟರು. ನಾಯಿಯ ಕಥೆಯನ್ನು ಬಹುಮಂದಿ ಕೇಳಿರಬಹುದು. ನಾವು ಹೇಳಬೇಕೆಂದಿರುವುದು ಅದೇ ಕಲ್ಲಿನ ಇನ್ನೊಂದು ಮಾತನ್ನು. ಬೂತುಗನು ಮಣಲೆರನಿಗೆ ಆತಕೂರು-ಹನ್ನೆರಡನ್ನು 'ಬಾಳ್ಗಚ್ಚು' ಆಗಿ ಕೊಟ್ಟನು.

ಬಾಳ್ ಎಂದರೆ ಕತ್ತಿ. ಕರ್ಚು ಎಂದರೆ ತೊಳೆ. ಕತ್ತಿಯನ್ನು ತೊಳೆದು ಕೊಡುವ ದಾನವೇ ಬಾಳ್ಗಚ್ಚು. ಈ ಒಂದು ಪದದಲ್ಲಿ ನಮ್ಮ ಪೂರ್ವಿಕರ ದೊಡ್ಡ ವಿವೇಕವೊಂದು ಅಡಗಿದೆಯೆಂದು ನಮಗೆ ತೋರುತ್ತದೆ. ಹೊಡೆದಾಡಿ ಬಂದವನ ಕತ್ತಿಯ ಮೇಲೆ ನೆತ್ತರು ಹಾಗೆಯೇ ಉಳಿದರೆ ಅದು ಮತ್ತೊಂದು ನೆತ್ತರನ್ನು ಬೇಡುವುದು. ಅದನ್ನು ಹತ್ತು ಮಂದಿಯ ಮುಂದೆ ತೊಳೆದು, ಅವನಿಗೆ ಊರನ್ನು, ಉಳುವ ನೆಲವನ್ನು, ಕಾಯಬೇಕಾದ ಜನವನ್ನು ವಹಿಸಿದರೆ ಆಳು ಗೃಹಸ್ಥನಾಗುವನು. ನಿಜ, ಈ ಮರ್ಯಾದೆ ಅರಸನ ಪರವಾಗಿ ಕಾದಿದವನಿಗೆ ಮಾತ್ರ ದೊರೆಯುತ್ತಿತ್ತು; ಎದುರು ಪಕ್ಷದಲ್ಲಿ ಸತ್ತವರ ಮನೆಯ ಕಣ್ಣೀರನ್ನು ಯಾವ ನೀರೂ ತೊಳೆಯಲಿಲ್ಲ. ಆ ಕಾಲವನ್ನು ಚಿನ್ನದ ಕಾಲವೆಂದು ನಾವು ಹೊಗಳುವುದಿಲ್ಲ. ರಿಂಗೋ ಬಯಸಿದುದು ಮಾತ್ರ ಇದನ್ನೇ: ಸ್ವಲ್ಪ ನೆಲ, ಹೆಂಡತಿ, ಮಗ. ಅವನ ಕತ್ತಿಯನ್ನು ತೊಳೆಯುವವರು ಯಾರೂ ಇರಲಿಲ್ಲ.

ತೊಳೆಯದೆ ಬಿಟ್ಟ ಕತ್ತಿ ಏನು ಮಾಡುವುದೆಂಬುದಕ್ಕೂ ನಮ್ಮ ಸೀಮೆಯ ಚರಿತ್ರೆಯೇ ಸಾಕ್ಷಿ. ೧೭೯೯ನೆಯ ಮಾರ್ಚ್ ೨೭ರಂದು ಮಳವಳ್ಳಿಯ ಬಳಿ ಟಿಪ್ಪು ಸುಲ್ತಾನನ ಸೈನ್ಯಕ್ಕೂ ಜನರಲ್ ಹ್ಯಾರಿಸನ ಸೈನ್ಯಕ್ಕೂ ಯುದ್ಧವಾಯಿತು, ಸುಲ್ತಾನನು ಹಿಮ್ಮೆಟ್ಟಿದನು. ಮೇ ೪ರಂದು ಶ್ರೀರಂಗಪಟ್ಟಣ ಬಿದ್ದಿತು. ಕತ್ತಿ ಬಂದೂಕುಗಳ ಹೊರತು ಬೇರೆ ಕಸುಬನ್ನರಿಯದ ಆಳುಗಳು ಒಂದೇ ದಿನದಲ್ಲಿ ಒಡೆಯನಿಲ್ಲದವರಾದರು. ಶ್ರೀರಂಗಪಟ್ಟಣದ ಸೆರೆಯಿಂದ ಹೊರಬಿದ್ದ ಧೋಂಡಿಯ ವಾಘ್ ಇಂಥವರನ್ನು ಕೂಡಿಸಿಕೊಂಡು ಉತ್ತರದ ಸೀಮೆಗಳನ್ನು ಹಿಡಿದನು. ಆಂಗ್ಲರು ಅವನನ್ನು ದರೋಡೆಕಾರನೆಂದರು. ನಮ್ಮವರಲ್ಲಿ ಅನೇಕರು ಅವನನ್ನು ಸ್ವಾತಂತ್ರ್ಯವೀರನೆಂದು ನೆನೆಯುವರು. ೧೮೦೦ನೆಯ ಸೆಪ್ಟೆಂಬರ್ ೧೦ರಂದು ಆರ್ಥರ್ ವೆಲ್ಲೆಸ್ಲಿ ಅವನನ್ನು ಯುದ್ಧದಲ್ಲಿ ಕೊಲ್ಲಿಸಿದನು. ಮಳವಳ್ಳಿಯ ಬಯಲಿನಲ್ಲಿ ಕಾದಿದ್ದ ಅದೇ ವೆಲ್ಲೆಸ್ಲಿ, ಮುಂದೆ ನೆಪೋಲಿಯನ್ನನನ್ನು ಸೋಲಿಸಿದವನು. ಸತ್ತವನ ಚಿಕ್ಕ ಮಗ ಸಲಾಬತ್ ಖಾನನು ಸಾಮಾನುಗಳ ನಡುವೆ ಸಿಕ್ಕಿದಾಗ ವೆಲ್ಲೆಸ್ಲಿ ಅವನನ್ನು ತನ್ನ ಆಶ್ರಯದಲ್ಲಿಟ್ಟುಕೊಂಡು, ತಾನು ಊರಿಗೆ ಹೊರಡುವಾಗ ಅವನ ಪೋಷಣೆಗೆ ಹಣವನ್ನೂ ಇಟ್ಟು ಹೋದನು. ಇತ್ತ ದಿವಾನ್ ಪೂರ್ಣಯ್ಯನವರು ಇನ್ನೊಂದು ಬಗೆಯಲ್ಲಿ ಕೆಲಸ ಮಾಡಿದರು. ಹಳೆಯ ಆಳುಗಳನ್ನು ಕಂದಾಚಾರದ ಕಾಲಾಳುಗಳನ್ನಾಗಿಯೂ ಸಿಲ್ಲೇದಾರ ಸವಾರರನ್ನಾಗಿಯೂ ಸೇರಿಸಿಕೊಂಡು, ಊರಿನ ಕಾವಲಿಗೆ ಹಚ್ಚಿದರು. ಕೆಲವರನ್ನು ಅಟ್ಟಿ ಕೊಂದುದರಿಂದಲೂ, ಕೆಲವರಿಗೆ ಅನ್ನದ ದಾರಿಯನ್ನು ತೋರಿದುದರಿಂದಲೂ ನಾಡು ಶಾಂತವಾಯಿತು. ಮೊದಲನೆಯದರ ಕಥೆ ಪುಸ್ತಕಗಳಲ್ಲಿ ಉದ್ದವಾಗಿದೆ. ಎರಡನೆಯದು ಒಂದೆರಡು ಸಾಲು.

ಸಿನಿಮಾದವರೂ ಈ ಪ್ರಶ್ನೆಯನ್ನು ನಮ್ಮ ಬಾಗಿಲಿಗೇ ತಂದರು. ಮದ್ದೂರಿನಿಂದ ರೈಲಿನಲ್ಲಿ ಬೆಂಗಳೂರಿಗೆ ಹೋಗುವಾಗ ಚನ್ನಪಟ್ಟಣ ಕಳೆದ ಮೇಲೆ ಕಾಣುವ ರಾಮನಗರದ ಬಂಡೆಗಳ ನಡುವೆಯೇ ೧೯೭೫ರ 'ಶೋಲೆ' ಚಿತ್ರದ ರಾಮಗಢ ಎದ್ದಿತ್ತು. ಪಶ್ಚಿಮದ ಕುದುರೆಪಿಸ್ತೂಲಿನ ಕಥೆಯನ್ನು ರಮೇಶ್ ಸಿಪ್ಪಿ ಅವರು ನಮ್ಮ ರಾಗಿಹೊಲಗಳ ನೆರೆಗೆ ತಂದಿಳಿಸಿದರು. ಠಾಕೂರನು ಊರನ್ನು ಕಾಯಲು ಇಬ್ಬರು ಪುಂಡರನ್ನು ಕೂಲಿಗೆ ಕರೆಸುತ್ತಾನೆ. ಇಮಾಮರ ಎಳೆಯ ಮಗನನ್ನು ದರೋಡೆಕಾರರು ಕೊಂದೊಡನೆ ಅದೇ ಊರಿನವರು, ಈ ಇಬ್ಬರಿಂದಲೇ ನಮಗೆ ಕೇಡು, ಇವರು ನಮಗೆ ಬೇಡ ಎನ್ನುತ್ತಾರೆ. ಮಗನನ್ನು ಕಳೆದುಕೊಂಡ ಕುರುಡ ಮುದುಕನೊಬ್ಬನೇ ಅವರ ಪರವಾಗಿ ನಿಲ್ಲುವವನು. ಇಬ್ಬರಿಗೂ ಅಲ್ಲಿಯೇ ಮನೆಮಾಡಿಕೊಂಡು ಬದುಕುವ ಆಸೆ ಹುಟ್ಟುತ್ತದೆ. ಕೊನೆಯಲ್ಲಿ ಒಬ್ಬನು ಬಂಡೆಗಳ ನಡುವೆ ಸಾಯುತ್ತಾನೆ. ಇನ್ನೊಬ್ಬನು ರೈಲು ಹತ್ತಿ ಹೋಗುತ್ತಾನೆ. ಊರು ಉಳಿಯಿತು, ಉಳಿಸಿದವರಲ್ಲಿ ಒಬ್ಬನಿಗೂ ಅಲ್ಲಿ ಒಲೆ ಹೊತ್ತಲಿಲ್ಲ. ಅಷ್ಟು ಸಲ ನೋಡಿದ ಚಿತ್ರದಲ್ಲಿ ಈ ಮಾತು ನಮ್ಮಲ್ಲನೇಕರ ಕಣ್ಣಿಗೆ ಬಿದ್ದಿರಲಾರದು.

ಇನ್ನು ನಮ್ಮ ಬೀದಿಗೆ ಬರೋಣ. ಪೊಲೀಸು ಠಾಣೆಗಳಲ್ಲಿ ರೌಡಿಪಟ್ಟಿ ಎಂಬುದೊಂದಿರುವುದು ಎಲ್ಲರಿಗೂ ಗೊತ್ತು. ಹೆಸರು ಅದರಲ್ಲಿ ಸೇರುವುದು ಸುಲಭ, ತೆಗೆಯಿಸುವುದು ಕಷ್ಟ. ಊರಿನ ಪಟ್ಟಿ ಅದಕ್ಕಿಂತಲೂ ಗಟ್ಟಿ. ಹಾಗೆ ಹಿಂದಿರುಗಿದವನಿಗೆ ಮನೆ ಬಾಡಿಗೆಗೆ ಸಿಕ್ಕದು, ಗದ್ದೆ ವಾರಕ್ಕೆ ಸಿಕ್ಕದು, ಅವನ ತಂಗಿಗೆ ಬಂದ ಸಂಬಂಧ ಹಿಂದಕ್ಕೆ ಹೋಗುವುದು. ಇವು ಹಗಲಿನ ಮಾತು. ಸಂಜೆಯಾದರೆ ಅದೇ ಊರಿನ ಹುಡುಗರು ಅವನ ಪಕ್ಕದಲ್ಲಿ ನಿಂತು ಫೋನಿನಲ್ಲಿ ಪಟ ತೆಗೆಸಿಕೊಳ್ಳುವರು. ಚುನಾವಣೆ ಬಂದರೆ ದೊಡ್ಡವರೂ ಅವನ ಮನೆಯನ್ನು ಹುಡುಕಿಕೊಂಡು ಹೋಗುವರು. ಉಗುಳುವುದೂ ನಾವೇ, ಹೂವು ಹಾಕುವುದೂ ನಾವೇ. ಎರಡರ ಮಧ್ಯೆ ಅವನು ದುಡಿದು ಉಣ್ಣುವ ಸಾಮಾನ್ಯ ಮನುಷ್ಯನಾಗಲು ಮಾತ್ರ ನಾವು ಬಿಡುವುದಿಲ್ಲ. ಕೇಯೆನ್ ಊರು ಮಾಡಿದುದೂ ಇದನ್ನೇ.

ಆದುದರಿಂದ ಗೃಹಸ್ಥರಾದವರು ಎರಡು ವಿಚಾರಗಳನ್ನು ಮನಸ್ಸಿನಲ್ಲಿಡಬೇಕು. ಮೊದಲನೆಯದು, ಬಂದವನನ್ನು ಕಾಯುವಷ್ಟೇ ಎಚ್ಚರದಿಂದ ನಮ್ಮ ಹುಡುಗರನ್ನು ಕಾಯಬೇಕು. ಅವನ ಹಳೆಯ ಹೊಡೆದಾಟಗಳ ಕಥೆಯನ್ನು ಊಟದ ಹೊತ್ತಿನಲ್ಲಿ ರಸವತ್ತಾಗಿ ಹೇಳುವ ತಂದೆ, ಎದುರಿಗೆ ಕುಳಿತು ಕೇಳುತ್ತಿರುವ ಮಗನ ಕಣ್ಣನ್ನೊಮ್ಮೆ ನೋಡಲಿ. ಬ್ರಾಮ್ಲಿಯಂಥವರು ಹುಟ್ಟುವುದು ಇಂಥ ಕಥೆಗಳಿಂದ. ಎರಡನೆಯದು, ಬಿಟ್ಟುಬಂದವನ ಹೆಸರನ್ನು ನಾವೂ ಬಿಡಬೇಕು. ಅವನಿಗೆ ಹೂವಿನ ಹಾರ ಬೇಡ. ಆಲೆಮನೆಯಲ್ಲಿಯೋ, ಲಾರಿಯ ಮೇಲೆಯೋ, ತೋಟದಲ್ಲಿಯೋ ಒಂದು ಕೆಲಸ ಸಾಕು. ಅವನಿಂದ ನೊಂದವರ ಮನೆಗೆ ಅವನು ಸಲ್ಲಿಸಬೇಕಾದುದನ್ನು ಸಲ್ಲಿಸಲಿ. ಕಾನೂನಿನ ಶಿಕ್ಷೆಯಿದ್ದರೆ ಅನುಭವಿಸಲಿ. ಅದಾದ ಮೇಲೂ ಅವನನ್ನು ಹಳೆಯ ಅಡ್ಡಹೆಸರಿನಿಂದಲೇ ಕರೆಯುತ್ತಿದ್ದರೆ, ಮತ್ತೆ ಕತ್ತಿಯನ್ನು ಅವನ ಕೈಗೆ ಕೊಡುವವರು ನಾವೇ ಆಗುವೆವು.

ಭಯವಿದ್ದೇ ಇರುತ್ತದೆ, ಕಣ್ಣುಮುಚ್ಚಿ ನಂಬಿರೆಂದು ನಾವು ಯಾರಿಗೂ ಹೇಳಲಾರೆವು. ಈ ವಿಷಯದಲ್ಲಿ ಆ ಚಿತ್ರದ ಪೆಗ್ಗಿಗಿಂತ ಒಳ್ಳೆಯ ಗುರು ನಮಗೆ ಕಂಡಿಲ್ಲ. ಎಂಟು ವರ್ಷ ಒಬ್ಬಳೇ ಮಗನನ್ನು ಸಾಕಿ, ಮರ್ಯಾದೆಯಿಂದ ಬಾಳಿದವಳು ಅವಳು. ಗಂಡನು ಬಂದು ಕೇಳಿದಾಗ ಕೊರಳಿಗೆ ಬೀಳಲಿಲ್ಲ, ಬಾಗಿಲನ್ನೂ ಮುಚ್ಚಲಿಲ್ಲ. ಒಂದು ವರ್ಷ ಯಾರ ತಂಟೆಗೂ ಹೋಗದೆ ಬಾಳಿ ಬಾ, ಆಮೇಲೆ ನೋಡೋಣ ಎಂದು ಗಡುವು ಕೊಟ್ಟಳು. ಮಗನ ಹಿತವನ್ನೂ ಬಿಡಲಿಲ್ಲ, ಗಂಡನ ಆಸೆಯನ್ನೂ ಒರಸಲಿಲ್ಲ. ಆ ವರ್ಷವನ್ನು ಅವನಿಗೆ ಊರಿನ ಹುಡುಗನೊಬ್ಬನು ಉಳಿಸಲಿಲ್ಲ. ಅವನ ಉತ್ತರಕ್ರಿಯೆಯ ದಿನ ಆಕೆ ಮಗನ ಕೈಹಿಡಿದು ಇಗರ್ಜಿಗೆ ಬಂದು, ಅಷ್ಟು ವರ್ಷ ಮುಚ್ಚಿಟ್ಟಿದ್ದ ತನ್ನ ನಿಜವಾದ ಹೆಸರನ್ನು ಎಲ್ಲರ ಮುಂದೆ ಹೇಳಿಕೊಳ್ಳುತ್ತಾಳೆ: ಶ್ರೀಮತಿ ರಿಂಗೋ. ಗುಂಪು ದಾರಿ ಬಿಡುತ್ತದೆ. ಸತ್ತವನಿಗೆ ಊರು ತೋರಿದ ಮೊದಲ ಮರ್ಯಾದೆ ಅದು. ಬದುಕಿರುವಾಗಲೇ ಒಂದು ವರ್ಷದ ಗಡುವನ್ನು ಕೊಡುವುದು ನಮ್ಮ ಊರುಗಳಿಗೆ ಆಗದ ಕೆಲಸವೇ?